ಗೂಟಣ್ಣ ಕುಳಿತ ದಿನ

ಕಾಲೂರಿದರೆ ಕದಲದವನೆಂದು ಜೊತೆಗಾರರು ಅವನಿಗೆ ಗೂಟಣ್ಣ ಎಂದು ಹೆಸರಿಟ್ಟಿದ್ದರು. ಪಳಗಿದವರೂ ಎದೆ ಗಟ್ಟಿ ಮಾಡಿಕೊಂಡೇ ಹತ್ತುವ ಆ ಕಡಿದಾದ ಶಿಖರಕ್ಕೆ ಜನರನ್ನು ಕರೆದೊಯ್ಯುವುದೇ ಅವನ ಕಸುಬು. ತುದಿಗೆ ಮುಂಚಿನ ಬಂಡೆಯ ಏಣು ಕಾಂಪೌಂಡ್ ಗೋಡೆಯಷ್ಟೇ ಅಗಲ. ಎರಡೂ ಬದಿ ಬರೀ ಗಾಳಿ. ಅದರ ಮೇಲೆ ಎಷ್ಟೋ ಮಂದಿಯನ್ನು ದಾಟಿಸಿದ್ದ. ಇತ್ತೀಚೆಗೆ ಮಾತ್ರ ಹೊರಡುವ ಹಿಂದಿನ ದಿನವೇ ಮೈ ಭಾರವಾಗುತ್ತಿತ್ತು. ಹೆಂಡತಿ ಮಂಡಿಗೆ ಬಿಸಿನೀರಿನ ಶಾಖ ಕೊಡುತ್ತ, "ಈ ಸಲ ಬೇರೆ ಯಾರನ್ನಾದ್ರೂ ಕಳಿಸಬಾರದಾ?" ಅಂದರೆ, "ಸುಮ್ನಿರೇ, ನಂಗೇನಾಗಿದೆ?" ಎಂದು ಬಾಯಿ ಮುಚ್ಚಿಸುತ್ತಿದ್ದ.

ಆ ಬೆಳಿಗ್ಗೆ ಅವನ ಹಗ್ಗದ ಇನ್ನೊಂದು ತುದಿಯಲ್ಲಿದ್ದವಳು ಹಲ್ಲಿನ ಡಾಕ್ಟರು, ಅರ್ಧ ಆಯಸ್ಸು ಬೆಟ್ಟಗಳಲ್ಲೇ ಕಳೆದವಳು. ಏಣಿನ ನಡುವೆ ಗೂಟಣ್ಣ ನಿಂತುಬಿಟ್ಟ. ಮಂಜಿರಲಿಲ್ಲ, ಆಕಾಶ ತೊಳೆದಿಟ್ಟಂತಿತ್ತು. ಆದರೂ ಕಾಲು ಎತ್ತಲಾಗಲಿಲ್ಲ. ಭಯವಲ್ಲ; ಭಯದ ಪರಿಚಯ ಅವನಿಗಿತ್ತು. ಇದು ಒಳಗಿದ್ದದ್ದೆಲ್ಲ ಬಸಿದುಹೋದಂಥ ದಣಿವು. ಕುದುರೆ ಏರಿದವನಂತೆ ಅತ್ತೊಂದು ಇತ್ತೊಂದು ಕಾಲು ಇಳಿಬಿಟ್ಟು ಕುಳಿತ.

"ಏನಾಯ್ತಣ್ಣಾ?"

ಗಾಳಿ ಏಳುವ ಹಾಗಿದೆ ಎಂದು ಹೇಳಲು ಹೊರಟವನು ಅವಳ ಮುಖ ನೋಡಿ ನುಂಗಿಕೊಂಡ. "ನನ್ನ ಕೈಲಿ ಆಗ್ತಿಲ್ಲಮ್ಮಾ."

ತುದಿ ಕೂಗಳತೆಯಲ್ಲಿತ್ತು. ಅವಳು ಅದನ್ನೊಮ್ಮೆ ನೋಡಿದಳು. ಬಂದ ಸಿಟ್ಟನ್ನು ಮುಚ್ಚಿಡಲಿಲ್ಲ. "ಹೊರಡೋ ಮುಂಚೆನೇ ಹೇಳೋದಲ್ವಾ?"

"ಹೇಳೋಕೆ ಬಾಯಿ ಬರಲಿಲ್ಲ."

ಅವಳು ಹಗ್ಗವನ್ನು ಬಂಡೆಗೆ ಸುತ್ತಿ, "ನೀವು ಮುಂದೆ ಇಳೀರಿ. ನಾನು ಮೇಲಿಂದ ಹಿಡ್ಕೋತೀನಿ," ಎಂದಳು.

ಒಂದು ಕಡೆ ಗೂಟಣ್ಣನ ಕಾಲು ಜಾರಿತು. ಹಗ್ಗ ಸೆಟೆದು ಅವನನ್ನು ತಡೆಯಿತು. "ಹಿಡಿದಿದ್ದೀನಿ, ನಿಧಾನ," ಎಂದು ಮೇಲಿನಿಂದ ದನಿ ಬಂತು. ಈ ಮಾತನ್ನು ಊರಿಗೆಲ್ಲ ಹೇಳಿದ್ದವನಿಗೆ ಯಾರೂ ಅದನ್ನು ಹೇಳಿರಲಿಲ್ಲ. ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಬುಡದಲ್ಲಿ ಚಹಾ ಕುಡಿಯುತ್ತ ಅವಳೆಂದಳು: "ಮುಂದಿನ ವರ್ಷ ಬೇರೆಯವರ ಜೊತೆ ಬರ್ತೀನಿ. ಬೇಜಾರಿಲ್ಲ ತಾನೇ?"

"ನನ್ನ ಭಾವಮೈದನ್ನ ಕರ್ಕೊಳ್ಳಿ. ಬಾಯಿ ಜಾಸ್ತಿ, ಕಾಲು ಗಟ್ಟಿ."

ಅವಳಿಗೆ ನಗು ಬಂತು.

ಮನೆಯಲ್ಲಿ ಬೂಟು ಬಿಚ್ಚಲೂ ಬಗ್ಗಲಾಗದೆ ಹೊಸ್ತಿಲಲ್ಲೇ ಕುಳಿತ. "ಸುಸ್ತಾಗಿದೆ ಕಣೇ."

"ನಿಮಗೆ ಇವತ್ತು ಗೊತ್ತಾಯ್ತಾ?" ಎನ್ನುತ್ತ ಹೆಂಡತಿ ದಾರ ಬಿಚ್ಚಿದಳು. ಎರಡನೆಯ ಬೂಟು ಬಿಚ್ಚುವಷ್ಟರಲ್ಲಿ ಅವನು ಗೋಡೆಗೊರಗಿ ನಿದ್ದೆಹೋಗಿದ್ದ.

ಮತ್ತೆ ಅವನು ಹತ್ತಲಿಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬೂಟುಗಳಿಗೆ ಅಟ್ಟೆ ಹಾಕಿಕೊಡುತ್ತಾನೆ. ಊಟವಾದ ಮೇಲೆ ಷಟರ್ ಅರ್ಧ ಎಳೆದು ಮಲಗಿದನೆಂದರೆ, ಗಿರಾಕಿಗಳು ಎಷ್ಟು ತಟ್ಟಿದರೂ ಏಳುವುದಿಲ್ಲ.