ಮುಳುಗಿದ ಊರಿನವಳ ಸೆಮಿನಾರು

ಜಮಖಂಡಿಯಲ್ಲಿ ಎಂ.ಎ. ಅರ್ಥಶಾಸ್ತ್ರ ಓದುವಾಗ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಬೀಳಗಿ ಕಡೆಯವಳು. ಅವಳ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿತ್ತು. ಬೆಳವಣಿಗೆಗೂ ಅಭಿವೃದ್ಧಿಗೂ ಇರುವ ವ್ಯತ್ಯಾಸದ ಬಗ್ಗೆ ಒಂದು ದಿನ ನಾವಿಬ್ಬರೂ ಸೆಮಿನಾರು ಕೊಡಬೇಕಿತ್ತು. ನಾನು ಮೂರು ಪುಸ್ತಕ ತಿರುವಿ, ವ್ಯಾಖ್ಯೆಗಳನ್ನೆಲ್ಲ ಬಾಯಿಪಾಠ ಮಾಡಿ ಒಪ್ಪಿಸಿದೆ. ಸರ್ ಆಕಳಿಸಿದರು.

ಅವಳು ಒಂದು ಹಾಳೆಯನ್ನೂ ತಂದಿರಲಿಲ್ಲ. "ಹೊಸ ಊರಾಗ ನಮಗ ಪಕ್ಕಾ ಮನಿ ಆತ್ರಿ, ಕರೆಂಟ್ ಬಂತ್ರಿ. ಆದ್ರ ಹೊಳಿದಂಡಿ ಹೊಲದಾಗ ಬದನಿಕಾಯಿ ಬೆಳಿತಿದ್ದ ನಮ್ಮವ್ವ ಈಗ ಸಂತ್ಯಾಗ ಬದನಿಕಾಯಿ ಕೊಳ್ಳತಾಳ್ರಿ. ಇದಕ್ಕ ಅಭಿವೃದ್ಧಿ ಅನ್ಬೇಕೇನ್ರಿ?" ಎಂದಳು.

"ಇದನ್ನ ಎಲ್ಲಾರೂ ಬರಕೊಳ್ರಿ," ಎಂದರು ಸರ್. ಅವಳ ಮಾತನ್ನು ನಾನೂ ಬರೆದುಕೊಳ್ಳಬೇಕಾಯಿತು. ಹೊಟ್ಟೆ ಉರಿಯುತ್ತಿತ್ತು. ಹೊರಗೆ ಬಂದವಳೇ, "ಊರು ಮುಳುಗಿದ್ದು ನಿನಗ ಛಲೋ ಆತು ಬಿಡಬೇ," ಎಂದುಬಿಟ್ಟೆ.

ಅವಳು ಸಿಟ್ಟಾಗಲಿಲ್ಲ. "ನೀ ಹುಟ್ಟಿದ ಮನಿ ಇನ್ನೂ ಐತೇನು?" ಎಂದು ಕೇಳಿದಳು.

"ಐತಿ."

"ಹಂಗಾರ ಮುಂದಿನ ಸಲ ಅದರ ಬಗ್ಗೆ ಹೇಳು. ನಾ ಕುಂತು ಕೇಳತೇನಿ."

ಮರುದಿನ ತಪ್ಪಾಯಿತೆಂದೆ; ಅವಳು ನಕ್ಕು ನನ್ನ ಕೈ ಹಿಡಿದಳು. ಆದರೂ ಆ ವರ್ಷವಿಡೀ, ಸರ್ ಅವಳನ್ನು ಹೊಗಳಿದಾಗಲೆಲ್ಲ ನಾನು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದೆ.