ವಾಸನೆ ಹೇಳಬೇಕಾದವಳು

ಕಣಕಟ್ಟೆ ರಸ್ತೆಯಿಂದ ಒಳಗಿರುವ ಊರಿನ ಗೋಮಾಳದಲ್ಲಿ ಕಸ ವಿಲೇವಾರಿ ಘಟಕ ಶುರುವಾದಾಗ ಮೊದಲ ಲಾರಿಗೆ ಅಡ್ಡ ಕೂತವಳು ಕೆಂಪಲಕ್ಷ್ಮಮ್ಮ. ಅರಸೀಕೆರೆಯದಷ್ಟೇ ಅಲ್ಲ, ಬೇಲೂರು, ಹಳೇಬೀಡಿನ ಕಸವೂ ಅಲ್ಲಿಗೇ ಬರುವುದಿತ್ತು. ಅವಳು ಕುರಿ ಮೇಯಿಸುತ್ತಿದ್ದ ಜಾಗ ಅದು. ಪೊಲೀಸರು ಎಬ್ಬಿಸಿದರು, ಲಾರಿ ಒಳಗೆ ಹೋಯಿತು. ಆಮೇಲೆ ರಾಜಿಯಾಯಿತು: ಊರಿನವರಿಗೆ ಕೆಲಸ, ದೂರು ಹೇಳಲು ಊರಿನವರದೇ ಒಂದು ಸಮಿತಿ. ಕುರಿ ಮಾರಿದ ಕೆಂಪಲಕ್ಷ್ಮಮ್ಮ ಒಣಕಸ ಬೇರ್ಪಡಿಸುವ ಶೆಡ್ಡಿಗೆ ಸೇರಿದಳು. ಸಮಿತಿಗೂ ಅವಳನ್ನೇ ಹಾಕಿದರು.

ಗಂಡ ಕೆಂಚಯ್ಯ ಕಾಮಾಲೆಯಾಗಿ ತೀರಿಕೊಂಡಾಗ ಅವಳಿಗೆ ಅಳು ಬರಲಿಲ್ಲ. ತಿಥಿ ಮುಗಿಸಿ ಕೆಲಸಕ್ಕೆ ಹೋದಳು. ಬಾಟಲಿ ಒಂದು ಕಡೆ, ಹಾಲಿನ ಕವರು ಒಂದು ಕಡೆ, ಹರಿದ ಚಪ್ಪಲಿ ಇನ್ನೊಂದು ಕಡೆ. ಕೈ ತಾನಾಗಿ ಆಡುತ್ತಿತ್ತು.

ಒಂದು ಸಂಜೆ ಒಲೆಯ ಮುಂದೆಯೇ ಕೂತಿದ್ದಳು. ಮಗಳು ಭಾನುಪ್ರಿಯಾ ಹಿತ್ತಲಿಂದ ಓಡಿಬಂದಳು.

“ಅವ್ವ, ಸಾರು ಸೀದೋಗೈತೆ! ಬೀದಿಗೆಲ್ಲಾ ವಾಸ್ನೆ ಬತ್ತೈತೆ, ನಿಂಗೆ ಗೊತ್ತಾಗ್ನಿಲ್ವಾ?”

ಗೊತ್ತಾಗಿರಲಿಲ್ಲ. ಇಂಗಿನ ಡಬ್ಬಿ ತೆರೆದು ಮೂಗಿಗೆ ಹಿಡಿದಳು. ಏನೂ ಇಲ್ಲ. ಹೆದರಿಕೆಯಾಗಬೇಕಿತ್ತು ಅನ್ನಿಸಿತು, ಆಗಲಿಲ್ಲ. ಪಾತ್ರೆಯನ್ನು ನೀರಲ್ಲಿ ನೆನೆಹಾಕಿದಳು.

ಆ ತಿಂಗಳ ಸಮಿತಿ ಸಭೆ ಶಾಲೆಯ ಜಗಲಿಯಲ್ಲಿ ನಡೆಯಿತು. ಕಸದ ಮೇಲೆ ದಿನಾ ಮಣ್ಣು ಮುಚ್ಚುತ್ತಿದ್ದೇವೆ, ವಾಸನೆ ಕಡಿಮೆಯಾಗಿರಬೇಕು ಎಂದ ಘಟಕದ ಮೇಲ್ವಿಚಾರಕ ಇಂದುಧರ.

“ನೀವೇ ಹೇಳಿ ಅಮ್ಮ. ಒಳಗೂ ಇರ್ತೀರಿ, ಊರಲ್ಲೂ ಇರ್ತೀರಿ.”

ಪಕ್ಕದ ಮನೆಯ ಮುನಿಯಮ್ಮ ಕೆಂಪಲಕ್ಷ್ಮಮ್ಮನ ಮೊಣಕೈ ತಿವಿದಳು. “ಹೇಳೇ, ಉಣ್ಣಕ್ಕಾಗಲ್ಲ ಅಂತ ಹೇಳೇ.”

ಎರಡೂ ಕಡೆಯವರು ಅವಳ ಬಾಯನ್ನೇ ನೋಡುತ್ತಿದ್ದರು.

“ನಂಗೆ ವಾಸ್ನೆ ತಿಳಿಯಕಿಲ್ಲ ಸಾರ್” ಎಂದಳು. “ಯಾವುದೂ ತಿಳಿಯಕಿಲ್ಲ. ಯಾವಾಗ್ನಿಂದ ಅಂತ್ಲೂ ಗೊತ್ತಿಲ್ಲ.”

ಇಂದುಧರ ತಲೆ ತಗ್ಗಿಸಿದ. ಹಿಂದಿನಿಂದ ಯಾರೋ ಹೆಂಗಸು, “ಇವಳನ್ನ ನಂಬ್ಕೊಂಡು ಕೂತಿದ್ವಲ್ಲ” ಎಂದು ಗೊಣಗಿದಳು. ಮುನಿಯಮ್ಮ ಮಾತ್ರ ಅವಳ ಕೈ ಹಿಡಿದು, “ನಂಗೂ ಹೇಳ್ನಿಲ್ವಲ್ಲೇ” ಎಂದಳು. ಆ ಕೈ ಬೆಚ್ಚಗಿತ್ತು. ಕೆಂಪಲಕ್ಷ್ಮಮ್ಮನಿಗೆ ಅಷ್ಟು ತಿಳಿಯಿತು.

ಹಾಸನದ ಡಾಕ್ಟರು ಮೂಗಿಗೆ ದೀಪ ಹಾಕಿ ನೋಡಿದರು. ಯಾವುದರಿಂದ ಹೀಗಾಯಿತೆಂದು ಹೇಳಲಾರೆ, ಮರಳಿ ಬಂದರೂ ಬರಬಹುದು ಎಂದರು. ಇಂದುಧರ ಅವಳನ್ನು ಶೆಡ್ಡಿನಿಂದ ತೆಗೆದು ಗೇಟಿನ ಕೆಲಸಕ್ಕೆ ಹಾಕಿದ. ಸಮಿತಿಯಲ್ಲಿ ಅವಳ ಜಾಗಕ್ಕೆ ಮುನಿಯಮ್ಮ ಬಂದಳು, ಮೊದಲ ಸಭೆಯಲ್ಲೇ ಜಗಳವಾಡಿ ಮಣ್ಣಿನ ಪದರ ದಪ್ಪಗೆ ಹಾಕಿಸಿದಳು. ಮಳೆಗಾಲ ಕಳೆಯುವ ಹೊತ್ತಿಗೆ ಊರಿನವರು ಕಿಟಕಿ ತೆರೆದು ಮಲಗತೊಡಗಿದರು.

“ಈಗ ಪರವಾಗಿಲ್ಲ ಕಣೇ” ಎಂದು ಮುನಿಯಮ್ಮ ಗೇಟಿಗೇ ಬಂದು ಹೇಳಿಹೋದಳು.

“ಹೌದಾ” ಎಂದಳು ಕೆಂಪಲಕ್ಷ್ಮಮ್ಮ. ಬೇಲೂರಿನ ಲಾರಿ ಬಂದಿತ್ತು. ಸರಪಳಿ ಬಿಚ್ಚಿ ಒಳಗೆ ಬಿಟ್ಟಳು.