ಲಾರಿಯ ಹಿಂದೆ ನಿಂತವಳ ದನಿ

ಹುಣಸೆಮರದ ಆಂಜನೇಯಸ್ವಾಮಿಗೆ ನಡೆದುಕೊಳ್ಳುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಗುಬ್ಬಿಯ ಲಾರಿ ಡ್ರೈವರ್ ಪುಟ್ಟಸ್ವಾಮಿಯ ನಮಸ್ಕಾರ. ಬರವಣಿಗೆ ನನ್ನ ಕಸುಬಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಕಳೆದ ಆಷಾಢದಲ್ಲಿ ನನ್ನ ಹೆಂಡತಿ ಜಯಮ್ಮನ ಮಾತು ನಿಂತುಹೋಯಿತು. ನಿಲ್ಲುವ ಹೊತ್ತಿನಲ್ಲಿ ಅವಳು ಮಾತಾಡುತ್ತಿದ್ದದ್ದು ನನ್ನ ಜೊತೆಯೇ. ಅದು ನನಗೆ ಗೊತ್ತೇ ಆಗಲಿಲ್ಲ.

ಇಪ್ಪತ್ತೆರಡು ವರ್ಷದಿಂದ ದೂರದ ಲೋಡು ಹೊಡೆಯುತ್ತಿದ್ದೇನೆ. ಗುಬ್ಬಿ, ಬೆಳ್ಳಾವಿ ಕಡೆಯ ಕೊಬ್ಬರಿ ತುಂಬಿಕೊಂಡು ಗುಜರಾತಿಗೆ ಹೋಗುವುದು, ಬರುವಾಗ ಅಲ್ಲಿಂದ ಟೈಲ್ಸ್ ತಂದು ತುಮಕೂರು, ಕುಣಿಗಲ್ಲಿನ ಅಂಗಡಿಗಳಿಗೆ ಇಳಿಸುವುದು. ಹೋಗಿ ಬರಲು ಹನ್ನೆರಡು ದಿನ, ಮನೆಯಲ್ಲಿ ಎರಡು ದಿನ. ಅಷ್ಟು ದಿನ ಕ್ಯಾಬಿನ್‌ನಲ್ಲಿ ಒಬ್ಬನೇ ಕೂತು ತಲೆಗೆ ಒಂದೊಂದು ಹುಚ್ಚು ಹತ್ತುತ್ತದೆ. ಒಂದು ವರ್ಷ ಮೌತ್ ಆರ್ಗನ್ ಊದಿದೆ. ಆಮೇಲೆ ಡ್ಯಾಶ್‌ಬೋರ್ಡ್ ಮೇಲೆ ಪಾಪಸ್‌ಕಳ್ಳಿ ಬೆಳೆಸಿದೆ. ಒಂದು ಮಳೆಗಾಲ ಪೂರ್ತಿ ಕರೆಂಟ್ ತಂತಿಯ ಮೇಲೆ ಕೂತ ಹಕ್ಕಿಗಳ ಫೋಟೊ ತೆಗೆದೆ. ಯಾವುದೂ ಆರು ತಿಂಗಳು ದಾಟಲಿಲ್ಲ. ಕಡೆಯದು ಗುಜರಾತಿ ಅಕ್ಷರ ಕಲಿಯುವ ಹುಚ್ಚು. ಮುಂದೆ ಹೋಗುವ ಲಾರಿಗಳ ಹಿಂಭಾಗ ನೋಡಿ, ಡಾಬಾದಲ್ಲಿ ಯಾರನ್ನಾದರೂ ಕೇಳಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ.

ಇದೆಲ್ಲ ಹೇಳಿಕೊಳ್ಳಲು ನನಗಿದ್ದವಳು ಜಯಮ್ಮ ಒಬ್ಬಳೇ. ದಿನಕ್ಕೆ ನಾಲ್ಕು ಸಲ ಫೋನು. ಎತ್ತಿದ ಕೂಡಲೇ ಮೊದಲ ಮಾತು "ಎಲ್ಲಿದೀರಾ?" ನನಗೆ ರೇಗುತ್ತಿತ್ತು. ಇನ್ನೆಲ್ಲಿರ್ತೀನಿ, ರೋಡಲ್ಲಿದೀನಿ ಕಣೇ ಅನ್ನುತ್ತಿದ್ದೆ. ಅವಳು ನಕ್ಕು, ಈ ಸಲ ಯಾವ ಹುಚ್ಚು ಎಂದು ಕೇಳುತ್ತಿದ್ದಳು. ಬೈದುಕೊಂಡೇ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಇನ್ನೊಂದು ಕೆಲಸವೂ ಅವಳದೇ. ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಲಾರಿ ನಿಲ್ಲಿಸುತ್ತೇನೆ. ಬೀದಿ ಇಕ್ಕಟ್ಟು, ರಿವರ್ಸಿನಲ್ಲೇ ಒಳಗೆ ತರಬೇಕು. ಓನರ್ ಕ್ಲೀನರ್ ಕೊಡುವುದು ಬಿಟ್ಟು ಎಂಟು ವರ್ಷವಾಯಿತು. ಅಂದಿನಿಂದ ಲಾರಿಯ ಹಿಂದೆ ನಿಂತು ದಾರಿ ಹೇಳುತ್ತಿದ್ದವಳು ಜಯಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಿಂದ ಲಾರಿಯ ಹಲಗೆ ತಟ್ಟುತ್ತಾ "ಬರ್ಲಿ, ಬರ್ಲಿ" ಅನ್ನುವಳು. ನಿಲ್ಲಿಸಬೇಕಾದಾಗ ಬಸ್ ಕಂಡಕ್ಟರ್ ಹಾಗೆ "ಓಲ್ಡಾನ್" ಎಂದು ಕೂಗುವಳು. ಎಂಟು ವರ್ಷದಲ್ಲಿ ಗಾಡಿಗೆ ಒಂದು ಗೀರು ಬೀಳಲು ಬಿಟ್ಟವಳಲ್ಲ.

ಆ ದಿನ ನಾನು ಸೂರತ್ ದಾಟಿದ್ದೆ. ಮಧ್ಯಾಹ್ನದ ಹೊತ್ತು. ಮೊದಲ ಸಲ ಒಂದು ಬೋರ್ಡನ್ನು ಪೂರ್ತಿ ಗುಜರಾತಿಯಲ್ಲಿ ಓದಿದ್ದೆ. ಆ ಖುಷಿಗೆ ಗಾಡಿ ಪಕ್ಕಕ್ಕೆ ಹಾಕಿ ಫೋನ್ ಮಾಡಿ ಒಂದೇ ಸಮ ಹೇಳಿಕೊಂಡೆ. ಆ ಕಡೆಯಿಂದ ಅವಳ ಮಾತು ತೊದಲು ತೊದಲಾಗಿ, ಅರ್ಧರ್ಧ ಬಂತು. ಘಟ್ಟದಲ್ಲಿ, ಬಯಲಲ್ಲಿ ಹೀಗೆ ಮಾತು ಮುರಿದು ಬರುವುದು ನಮ್ಮಂಥವರಿಗೆ ದಿನದ ಪಾಡು. ಸಿಗ್ನಲ್ ಇಲ್ಲ ಕಣೇ, ಆಮೇಲೆ ಮಾಡ್ತೀನಿ ಎಂದು ಕಟ್ ಮಾಡಿದೆ. ಫೋನಿನಲ್ಲಿ ಸಿಗ್ನಲ್ ಗೆರೆಗಳು ಪೂರ್ತಿ ಇದ್ದವು. ನಾನು ನೋಡಲಿಲ್ಲ.

ಒಂದು ಗಂಟೆಯ ಮೇಲೆ ಕಾಲೇಜಿನಿಂದ ಬಂದ ಮಗಳು ಪಲ್ಲವಿ ಫೋನ್ ಮಾಡಿದಳು. "ಅಪ್ಪಾ, ಅಮ್ಮ ಕೆಳಗ್ ಬಿದ್ದವಳೆ. ಕಣ್ಣು ಬಿಡ್ತಾಳೆ, ಮಾತಾಡ್ತಿಲ್ಲ." ಅಕ್ಕಪಕ್ಕದವರು ಸೇರಿ ತುಮಕೂರಿನ ಆಸ್ಪತ್ರೆಗೆ ಸೇರಿಸಿದರು. ನಾನು ಲಾರಿಯನ್ನು ಗೊತ್ತಿದ್ದ ಟ್ರಾನ್ಸ್‌ಪೋರ್ಟಿನವರಿಗೆ ಒಪ್ಪಿಸಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ನನ್ನ ಬಲಗಾಲು ಇಲ್ಲದ ಬ್ರೇಕನ್ನು, ಇಲ್ಲದ ಆಕ್ಸಿಲೇಟರನ್ನು ಒತ್ತುತ್ತಲೇ ಇತ್ತು. ಪಕ್ಕದವರು ಕಾಲು ನೋವಾ ಎಂದು ಕೇಳಿದರು. ಹೌದು ಅಂದೆ.

ತಲೆಯ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ, ತಂದದ್ದು ತಡವಾಗಿದೆ ಎಂದರು ಡಾಕ್ಟರು. ಆ ಒಂದು ಗಂಟೆ ನನ್ನದು. ನಾನು ಫೋನ್ ಕಟ್ ಮಾಡದೆ ಇದ್ದಿದ್ದರೆ, ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿದ್ದರೆ ಎಂದು ಇವತ್ತಿಗೂ ಅಂದುಕೊಳ್ಳುತ್ತೇನೆ. ಹದಿನೈದು ದಿನಕ್ಕೆ ನಡೆದಳು. ಬಲಗೈ ಅರ್ಧ ಬಂತು. ಮಾತು ಬರಲಿಲ್ಲ. ಮಾತಿನ ತರಬೇತಿ ಕೊಡುವ ಮೇಡಂ, ನೀವು ಮಾತಾಡಿಸ್ತಾ ಇರಿ ಎಂದು ಬಿಡಿಸಿ ಹೇಳಿದರು. ನಾನು ಮಾಡಿದ್ದು ಅದಕ್ಕೆ ತದ್ವಿರುದ್ಧ.

ಶ್ರಾವಣ ಶನಿವಾರ ಕುಣಿಗಲ್ ರಸ್ತೆಯಲ್ಲಿರುವ ನಮ್ಮ ಸ್ವಾಮಿಯ ಮುಂದೆ ಗಾಡಿ ನಿಲ್ಲಿಸಿ ಹರಕೆ ಹೊತ್ತೆ. ಸ್ವಾಮಿ, ಅವಳ ಬಾಯಿಂದ ಒಂದೇ ಒಂದು ಮಾತು ಬರಿಸು, ಅಲ್ಲಿಯ ತನಕ ಕ್ಯಾಬಿನ್‌ನಲ್ಲಿ ನಾನೂ ಬಾಯಿ ಬಿಡುವುದಿಲ್ಲ ಎಂದೆ. ನನ್ನ ಮಾತಿನ ಚಪಲದಿಂದಲೇ ಇಷ್ಟಾಯಿತು ಎಂಬುದು ನನ್ನ ಲೆಕ್ಕ. ನೋಟ್‌ಬುಕ್ಕು, ಮೌತ್ ಆರ್ಗನ್ ಎಲ್ಲ ಟೂಲ್‌ಬಾಕ್ಸಿಗೆ ಹಾಕಿ ಬೀಗ ಹಾಕಿದೆ. ಪಲ್ಲವಿಗೆ ಮಾತ್ರ ಫೋನ್ ಮಾಡಿ ಊಟ ಆಯ್ತಾ, ಮಾತ್ರೆ ಆಯ್ತಾ ಎಂದು ಕೇಳಿ ಇಡುತ್ತಿದ್ದೆ.

ಮೂರು ತಿಂಗಳು ಹೀಗೇ ಕಳೆಯಿತು. ಅದೇ ರಸ್ತೆ, ಅದೇ ಡಾಬಾ. ತಂತಿಯ ಮೇಲೆ ನೀಲಿ ಹಕ್ಕಿ ಕಂಡರೆ ಕೈ ತಾನಾಗಿ ಫೋನಿಗೆ ಹೋಗುತ್ತಿತ್ತು, ಮತ್ತೆ ವಾಪಸು ಬರುತ್ತಿತ್ತು. ಫೋನಿನ ಹೊತ್ತಾದರೆ ಕಿವಿ ಕಾಯುತ್ತಿತ್ತು. "ಎಲ್ಲಿದೀರಾ?" ಎಂದು ಕೇಳುವವರು ಇಲ್ಲದಿದ್ದರೆ ಎಲ್ಲಿದ್ದರೇನು ಅನ್ನಿಸುತ್ತಿತ್ತು. ಇಪ್ಪತ್ತೆರಡು ವರ್ಷ ರೇಗಿಕೊಂಡು ಉತ್ತರ ಕೊಟ್ಟ ಆ ಮಾತಿಗಾಗಿ ನಾನು ಸ್ಟೇರಿಂಗ್ ಹಿಡಿದು ಅತ್ತಿದ್ದೇನೆ. ಮನೆಗೆ ಬಂದರೆ ಅವಳು ನನ್ನ ಮುಖವನ್ನೇ ನೋಡುತ್ತಾ ಕೂರುವಳು. ನನಗೆ ಆ ನೋಟ ತಡೆಯಲಾಗದೆ ಹೊರಗೆ ಹೋಗಿ ಟೈರ್ ತಟ್ಟುತ್ತಿದ್ದೆ.

ಕಾರ್ತಿಕದಲ್ಲಿ ಒಂದು ಶನಿವಾರ ಕುಣಿಗಲ್ಲಿಗೆ ಟೈಲ್ಸ್ ಇಳಿಸಿ ಬರುತ್ತಾ ಸ್ವಾಮಿಯ ಹತ್ತಿರ ನಿಂತೆ. ನಮ್ಮ ಪೂಜಾರಪ್ಪ ನಿಮಗೆಲ್ಲ ಗೊತ್ತು, ಬಾಯಿ ಬಿರುಸು, ಮನಸ್ಸು ಬೆಣ್ಣೆ. ಹರಕೆಯ ವಿಷಯ ಕೇಳಿ ಮಂಗಳಾರತಿ ತಟ್ಟೆ ಕೆಳಗಿಟ್ಟರು.

"ಅವಳ ಬಾಯಂತೂ ನಿಂತದೆ. ಅವಳ ಕಿವಿ ಏನ್ ತಪ್ಪು ಮಾಡಿತ್ಲಾ? ಸ್ವಾಮಿ ಕೇಳಿದ್ನಾ ಈ ಹರಕೆಯ? ಹೋಗು, ಫೋನ್ ಮಾಡು."

ಹರಕೆ ಮುರಿದದ್ದಕ್ಕೆ ತಪ್ಪುಕಾಣಿಕೆ ಎಂದು ಅವರೇ ಒಂದು ಕಾಯಿ ಒಡೆದರು. ಅಲ್ಲೇ ಹುಣಸೆಮರದ ಕೆಳಗೆ ನಿಂತು ಪಲ್ಲವಿಗೆ ಫೋನ್ ಮಾಡಿ, ಅಮ್ಮನ ಕಿವಿಗಿಡು ಎಂದೆ. ಮೂರು ತಿಂಗಳಿಂದ ಕಂಡ ಹಕ್ಕಿಗಳನ್ನೆಲ್ಲ ಹೇಳಿದೆ. ಹತ್ತು ನಿಮಿಷವಾದ ಮೇಲೆ, ಕೇಳಿಸ್ತಾ ಇದೆಯೇನೇ ಅಂದೆ. ಆ ಕಡೆಯಿಂದ ಬಳೆ ಫೋನಿಗೆ ತಾಗಿದ ಸದ್ದು ಬಂತು. ಎಡಗೈಯಲ್ಲಿ ಅವಳೇ ತಟ್ಟಿದ್ದು.

ಅಂದಿನಿಂದ ಅದೇ ನಮ್ಮ ಮಾತಾಯಿತು. ಒಂದು ಸಲ ತಟ್ಟಿದರೆ ಹೂಂ, ಎರಡು ಸಲ ತಟ್ಟಿದರೆ ಊಹೂಂ. ಟೂಲ್‌ಬಾಕ್ಸಿನ ಬೀಗ ತೆಗೆದೆ. ನೋಟ್‌ಬುಕ್ಕಿನ ಅಕ್ಷರ ಒಂದೊಂದೇ ಓದಿ ಹೇಳಿದೆ. ಒಂದೇ ಪಾಠ ಮೂರನೆಯ ಸಲ ಒಪ್ಪಿಸಿದರೆ ಎರಡು ಬಳೆ ಸದ್ದು. ಸಾಕು ನಿಲ್ಲಿಸಿ ಎಂದು ಅರ್ಥ. ಬೈಸಿಕೊಂಡಷ್ಟೇ ಹಿತವಾಗುತ್ತಿತ್ತು. ಆದರೂ ಫೋನ್ ಇಟ್ಟ ಮೇಲೆ ಕ್ಯಾಬಿನ್ ತುಂಬ ಅವಳ ದನಿಯ ಆಸೆಯೇ ಇರುತ್ತಿತ್ತು.

ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಮಧ್ಯಾಹ್ನ ಊರಿಗೆ ಬಂದೆ. ಪಲ್ಲವಿ ಕಾಲೇಜಿನಲ್ಲಿದ್ದಳು. ಕಾಯಿಲೆಯಾದಾಗಿನಿಂದ ನಾನೇ ಇಳಿದು ನೋಡಿ, ಕನ್ನಡಿ ನಂಬಿ ಗಾಡಿ ಹಾಕುತ್ತಿದ್ದೆ. ಅವತ್ತು ಮೈ ಸೋತಿತ್ತು, ಇಳಿಯಲಿಲ್ಲ. ಬೆಳಿಗ್ಗೆ ತಾನೇ ನೀರಿನ ಪೈಪಿಗೆಂದು ಸೈಟಿಗೆ ಅಡ್ಡಲಾಗಿ ಗುಂಡಿ ತೋಡಿದ್ದರು. ನನಗದು ಗೊತ್ತಿಲ್ಲ. ರಿವರ್ಸ್ ಹಾಕಿ ಬರುತ್ತಿದ್ದೇನೆ, ಹಿಂದಿನಿಂದ ಕೂಗು ಕೇಳಿಸಿತು.

"ಓಲ್ಡಾನ್!"

ಕಾಲು ಬ್ರೇಕ್ ಒತ್ತಿತು. ಎಂಟು ವರ್ಷದ ಅಭ್ಯಾಸ. ಗಾಡಿ ನಿಂತ ಮೇಲೆ ತಲೆಗೆ ಹೊಳೆಯಿತು, ಅದು ಯಾರ ದನಿ ಎಂದು. ಇಳಿಯಲು ಹೋಗಿ ಮೆಟ್ಟಿಲು ತಪ್ಪಿ ಬಿದ್ದೆ. ಎದ್ದು ಹೋಗಿ ನೋಡಿದರೆ ಹಿಂದಿನ ಚಕ್ರ ಗುಂಡಿಯ ಅಂಚಿಗಿದೆ. ಜಯಮ್ಮ ಹಲಗೆಗೆ ಎಡಗೈ ಆನಿಸಿ ನಿಂತಿದ್ದಾಳೆ, ತಾನೇ ಬೆದರಿದ್ದಾಳೆ. ಇನ್ನೊಂದು ಸಲ ಅನ್ನೇ ಎಂದು ಕೈ ಮುಗಿದು ಬೇಡಿದೆ. ಬಾಯಿ ಆಡಿಸಿದಳು, ಏನೂ ಬರಲಿಲ್ಲ. ಅವಳ ಕಣ್ಣಲ್ಲಿ ನೀರು.

ಆಗ ಸ್ವಾಮಿಯೇ ಬುದ್ಧಿ ಕೊಟ್ಟನೋ ಏನೋ. ಮತ್ತೆ ಕ್ಯಾಬಿನ್ ಹತ್ತಿದೆ. ಗಾಡಿ ಮುಂದಕ್ಕೆ ಒಯ್ದು ಮತ್ತೆ ರಿವರ್ಸ್ ಹಾಕಿದೆ. ಹಲಗೆ ತಟ್ಟಿದ ಸದ್ದು ಬಂತು. ಆಮೇಲೆ ನಿಧಾನವಾಗಿ "ಬರ್ಲಿ" ಅಂದಳು. "ಬರ್ಲಿ... ಬರ್ಲಿ... ಓಲ್ಡಾನ್." ಮತ್ತೆ ಮುಂದಕ್ಕೆ ಒಯ್ದೆ, ಮತ್ತೆ ಹಿಂದಕ್ಕೆ ಬಂದೆ. ಎಷ್ಟು ಸಲವೋ ಲೆಕ್ಕವಿಲ್ಲ. ಬೀದಿಯವರು ಪುಟ್ಟಸ್ವಾಮಿ ಹಗಲಲ್ಲೇ ಕುಡಿದವ್ನೆ ಎಂದುಕೊಂಡು ಹೊರಗೆ ಬಂದರು. ಬಂದವರು ಅವಳ ದನಿ ಕೇಳಿ ಅಲ್ಲೇ ನಿಂತರು.

ವರ್ಷಗಟ್ಟಲೆ ಬಾಯಲ್ಲಿ ಸವೆದ ಮಾತು ತಲೆಯೊಳಗಿನ ಬೇರೆ ದಾರಿಯಿಂದ ಮೊದಲು ಬರುವುದುಂಟು ಎಂದು ಮೇಡಂ ತಿಳಿಸಿದರು. ಇರಬಹುದು. ಆ ದಾರಿ ಮಾಡಿಟ್ಟವನು ಯಾರು ಎಂದು ನನಗೆ ಗೊತ್ತು. ಗಂಡನ ಹೆಸರೇನು ಎಂದು ಮೇಡಂ ಕೇಳಿದರೆ ಜಯಮ್ಮ ತಲೆ ತಗ್ಗಿಸಿದಳು. ಹೆಸರುಗಳು ಇನ್ನೂ ಬಂದಿಲ್ಲ ಎಂದು ಅವರು ಬರೆದುಕೊಳ್ಳಲು ಹೋದರು. ಅದು ಕಾಯಿಲೆ ಅಲ್ಲ ಮೇಡಂ, ಮದುವೆ ಆದಾಗಿನಿಂದ ಹಾಗೇ ಅಂದೆ. ಜಯಮ್ಮ ನಕ್ಕಳು.

ಯುಗಾದಿ ಕಳೆದು ಎರಡು ವಾರಕ್ಕೆ ಸೂರತ್ ದಾಟಿ ಹೋಗುತ್ತಿದ್ದೆ. ಮನೆಯಿಂದ ಫೋನ್ ಬಂತು. ಗಾಡಿ ಪಕ್ಕಕ್ಕೆ ಹಾಕಿ ಎತ್ತಿದೆ. ಪಲ್ಲವಿಯ ದನಿ ಇಲ್ಲ, ಬಳೆಯ ಸದ್ದೂ ಇಲ್ಲ. ತೊದಲು ತೊದಲಾಗಿ, ಮುರಿದು ಮುರಿದು ಏನೋ ಬಂತು. ಈ ಸಲ ನಾನು ಕಟ್ ಮಾಡಲಿಲ್ಲ. ಎಂಜಿನ್ ಆಫ್ ಮಾಡಿ, ಎರಡೂ ಗಾಜು ಏರಿಸಿ, ಉಸಿರು ಹಿಡಿದು ಕಾದೆ. ಎಷ್ಟೋ ಹೊತ್ತಿನ ಮೇಲೆ ಅದು ಒಂದು ಮಾತಾಗಿ ಕೂಡಿತು.

"ಎಲ್ಲಿ... ದೀರಾ?"

ಊರಿನ ಬೋರ್ಡು ಎದುರಿಗೇ ಇತ್ತು, ಗುಜರಾತಿಯಲ್ಲಿ. ನನಗೆ ಬರುವ ಅಕ್ಷರಗಳೇ. ಕಣ್ಣು ಒರೆಸಿಕೊಂಡು ಓದಿ ಹೇಳುವಷ್ಟರಲ್ಲಿ ಅವಳು ಇನ್ನೊಂದು ಸಲ ಕೇಳಿದಳು.